ಹೇಳಿದ ಹೊತ್ತಿಗೆ

ಒಂದೇ ಯಕ್ಷಗಾನ ಪ್ರಸಂಗವನ್ನು ಜೀವಮಾನವಿಡೀ ನೋಡಿ ದಣಿಯದ ಸೀಮೆಯವರು ನಾವು. ಹಿರೇಗುತ್ತಿಯಿಂದ ಹೊನ್ನಾವರದವರೆಗೆ ಯಾವ ಹಿರಿಯರನ್ನಾದರೂ ಕೇಳಿ, ‘ಗದಾಯುದ್ಧ’ ಎಷ್ಟು ಸಲ ನೋಡಿದ್ದೀರಿ ಎಂದರೆ ಲೆಕ್ಕ ಸಿಗುವುದಿಲ್ಲ. ಕೌರವ ಕೊನೆಗೆ ತೊಡೆ ಮುರಿದು ಬೀಳುತ್ತಾನೆಂದು ಗೊತ್ತಿಲ್ಲದ ಮಗುವೂ ಇಲ್ಲಿಲ್ಲ. ಆದರೂ ಚಳಿಯ ರಾತ್ರಿ ಕಂಬಳಿ ಹೊದ್ದು ಗದ್ದೆಬಯಲಿಗೆ ಹೋಗಿ ಕೂರುತ್ತಾರೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ಯೌವನದಲ್ಲಿ ನೋಡಿದವರು ಮುಪ್ಪಿನಲ್ಲಿಯೂ ನೋಡಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ತಮಗೇ ಬಂದಷ್ಟು ಹಿಗ್ಗಿದರು. ಇಂಥ ಜನ ಟಿವಿಯ ಮುಂದೆ ಕೂತು ‘ಹಾಕಿದ್ದನ್ನೇ ಹಾಕ್ತಾರೆ’ ಎಂದು ಬೇಸರಪಟ್ಟುಕೊಂಡರೆ, ಆ ಬೇಸರ ಬರೀ ಹಳೆಯದನ್ನು ಮತ್ತೆ ತೋರಿಸಿದ್ದರಿಂದ ಹುಟ್ಟಿದ್ದಾಗಿರಲಾರದು. ಅದರ ಬೇರು ಎಲ್ಲಿದೆ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡಿದೆ.

ಆಟದ ಹ್ಯಾಂಡ್‌ಬಿಲ್ಲನ್ನೇ ನೋಡಿ. ಗುಲಾಬಿಯದೋ ಹಳದಿಯದೋ ತೆಳು ಕಾಗದ, ಕಿರಾಣಿ ಅಂಗಡಿಯ ಹಲಗೆ ಬಾಗಿಲಿಗೆ ಮೈದಾ ಅಂಟಿನಲ್ಲಿ ಮೆತ್ತಿದ್ದು, ಅಂಟಿನ ಪಸೆಗೆ ಅಕ್ಷರ ಸ್ವಲ್ಪ ಕದಡಿದ್ದು. ಮೇಲೆ ದೇವರ ಹೆಸರು. ಕೆಳಗೆ ದಿನಾಂಕ, ವಾರ, ಸ್ಥಳ, ಹೊತ್ತು. ನಡುವೆ ದಪ್ಪಕ್ಷರದಲ್ಲಿ ಪ್ರಸಂಗ. ಆಮೇಲೆ ಹಿಮ್ಮೇಳದಲ್ಲಿ ಭಾಗವತರು ಯಾರು, ಮದ್ದಲೆ ಯಾರದು, ಚಂಡೆ ಯಾರದು. ಮುಮ್ಮೇಳದಲ್ಲಿ ಯಾವ ವೇಷ ಯಾರದು. ಪ್ರಸಂಗ ಹಳೆಯದು ಎಂಬುದನ್ನು ಆ ಕಾಗದ ಮುಚ್ಚಿಡುವುದಿಲ್ಲ. ಹಳೆಯ ಪ್ರಸಂಗವನ್ನು ಈ ರಾತ್ರಿ ಇಂಥವರು ಆಡುತ್ತಾರೆ, ಇಷ್ಟು ಹೊತ್ತಿಗೆ ಬನ್ನಿ ಎನ್ನುತ್ತದೆ. ಓದಿದವನು ತನ್ನ ಕೆಲಸ, ನಿದ್ದೆ, ಮರುದಿನದ ಗದ್ದೆ ಎಲ್ಲವನ್ನೂ ಅಳೆದು ನೋಡಿ, ಹೋಗುವುದೋ ಬಿಡುವುದೋ ಎಂದು ತೀರ್ಮಾನಿಸುತ್ತಾನೆ. ತೀರ್ಮಾನ ಅವನ ಕೈಯಲ್ಲಿರುತ್ತದೆ.

ದೂರದರ್ಶನದಂಥ ಸಾರ್ವಜನಿಕ ಟಿವಿಯ ನೋಡುಗನ ಕೈತಪ್ಪಿರುವುದು ಈ ತೀರ್ಮಾನವೇ. ಹಳೆಯದನ್ನು ಹಳೆಯದೆಂದು ಹೇಳಿ, ಹೊತ್ತು ಗೊತ್ತುಮಾಡಿ, ಆ ಹೊತ್ತಿಗೆ ತಪ್ಪದೆ ತೋರಿಸಿದರೆ ಯಾರೂ ಗೊಣಗುವುದಿಲ್ಲ. ಹೇಳದೆ ತೋರಿಸಿದಾಗ, ಹೇಳಿದ್ದನ್ನು ತೋರಿಸದಿದ್ದಾಗ ಮನಸ್ಸು ಮುರಿಯುತ್ತದೆ.

ನೋಡುವವನ ದಿನಚರಿಯನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ನಮ್ಮ ಟಿವಿಗೆ ಹೊಸದೇನಲ್ಲ. ಕರ್ನಾಟಕದ ಹಳ್ಳಿಗಳಿಗೆ ಟಿವಿ ಮೊದಲು ಕಾಲಿಟ್ಟದ್ದು 1975ರ ಆಗಸ್ಟ್ 1ರಂದು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಪಡೆದು, ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ‘ಸೈಟ್’ ಎಂಬ ಪ್ರಯೋಗ ನಡೆಯಿತು. ನಮ್ಮ ರಾಜ್ಯದ ಪಾಲಿಗೆ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಬಂದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದುಡಿದು ಬಂದ ದೊಡ್ಡವರಿಗೆ ಕಾರ್ಯಕ್ರಮ. ಊರಿಗೆಲ್ಲ ಒಂದೇ ಸೆಟ್ಟು, ಅದರ ಮುಂದೆ ಇಡೀ ಊರು. ಹೊಲದಲ್ಲಿರುವ ರೈತನಿಗೆ ಹಗಲು ಹನ್ನೊಂದಕ್ಕೆ ಬೇಸಾಯದ ಪಾಠ ಹೇಳಿ ಫಲವಿಲ್ಲ ಎಂಬ ತಿಳಿವಳಿಕೆ ಆಗಲೇ ಇತ್ತು. ಆ ಪ್ರಯೋಗ 1976ರ ಜುಲೈ 31ಕ್ಕೆ ಮುಗಿಯಿತು. ಆ ತಿಳಿವಳಿಕೆ ಮುಗಿಯಬೇಕಾಗಿರಲಿಲ್ಲ.

1982ರ ಆಗಸ್ಟ್ 15ರಿಂದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ರಾತ್ರಿ ಒಂದು ಹೊತ್ತಾದೊಡನೆ ಎಲ್ಲ ಕೇಂದ್ರಗಳೂ ದೆಹಲಿಗೆ ಸೇರಿಕೊಳ್ಳುತ್ತಿದ್ದವು. ಕನ್ನಡ ಅಲ್ಲಿಗೆ ನಿಲ್ಲುತ್ತಿತ್ತು. ದುಡಿಯುವವರು ಕೈಕಾಲು ತೊಳೆದು ಉಂಡು ಕೂರುವ ಹೊತ್ತೇ ಅದು. ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರದಲ್ಲಿ ಕನ್ನಡದ ಸರದಿ ಬರಲು ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು. ಆ ದಿನಗಳಲ್ಲಿ ನಮ್ಮ ಕಡೆ ಟಿವಿ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಅಡಿಕೆ ದಬ್ಬೆಗೆ ಕಟ್ಟಿದ ಎಂಟೆನಾ ಗಾಳಿಗೆ ತಿರುಗಿಕೊಂಡರೆ ಒಬ್ಬರು ಮಾಡು ಹತ್ತಬೇಕು, ಒಬ್ಬರು ಅಂಗಳದಲ್ಲಿ ನಿಲ್ಲಬೇಕು, ಒಳಗಿನವರು ‘ಬಂತು, ಬಂತು, ಹೋಯ್ತು’ ಎನ್ನಬೇಕು. ಅಷ್ಟು ಪಾಡುಪಟ್ಟು ನೋಡುತ್ತಿದ್ದವರಿಗೆ ಹೊತ್ತಿನ ಬೆಲೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಆದರೂ ಆ ಕಾಲದ ಒಂದು ಗುಣವನ್ನು ನೆನೆಯಬೇಕು. ರಮಾನಂದ ಸಾಗರರ ‘ರಾಮಾಯಣ’ 1987ರ ಜನವರಿ 25ರಂದು ಆರಂಭವಾಗಿ 78 ಕಂತು ನಡೆಯಿತು, ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ 1988ರ ಅಕ್ಟೋಬರ್ 2ರಿಂದ 94 ಕಂತು. ಭಾನುವಾರ ಬೆಳಗಿನ ಆ ಹೊತ್ತು ಎಷ್ಟು ಗಟ್ಟಿಯಾಗಿತ್ತೆಂದರೆ ಕುಮಟೆ ಪೇಟೆಗೆ ಹೋಗುವುದನ್ನೂ ನೆಂಟರ ಮನೆಗೆ ಹೊರಡುವುದನ್ನೂ ಜನ ಅದರ ಆಚೆಗೋ ಈಚೆಗೋ ಸರಿಸಿಕೊಂಡರು. ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಬಂದಾಗಲೂ ಹಾಗೆಯೇ. ಅವರು ನಮ್ಮ ಹೊನ್ನಾವರ ತಾಲ್ಲೂಕಿನ ಮಲ್ಲಾಪುರದವರು; ಚಿತ್ರೀಕರಣ ನಡೆದದ್ದು ಆಗುಂಬೆಯಲ್ಲಿ. ಹಿಂದಿ ಅಷ್ಟಕ್ಕಷ್ಟೇ ಬರುತ್ತಿದ್ದ ಮನೆಗಳಲ್ಲೂ ಸ್ವಾಮಿಯ ಕಥೆ ಅರ್ಥವಾಯಿತು. ಅದು ಎಷ್ಟೋ ಸಲ ಮತ್ತೆ ಬಂದಿದೆ. ಬೇಡ ಎಂದವರನ್ನು ನಾನು ಕಂಡಿಲ್ಲ. ಸದಾನಂದ ಸುವರ್ಣರ ‘ಗುಡ್ಡದ ಭೂತ’ ಬರೀ 13 ಕಂತಿನದು. ಕರಾವಳಿಯ ಮಾತು, ಕರಾವಳಿಯ ಕತ್ತಲೆ ಅದರಲ್ಲಿತ್ತು. ಅದನ್ನು ಮತ್ತೆ ಹಾಕುತ್ತೇವೆಂದು ದಿನ, ಹೊತ್ತು ಹೇಳಿದರೆ ಇವತ್ತಿಗೂ ನಮ್ಮ ಕಡೆ ಅಡುಗೆ ಬೇಗ ಮುಗಿಯುತ್ತದೆ.

ಕನ್ನಡದ ಕಾರ್ಯಕ್ರಮಗಳು ಇದೇ ಪಾಠವನ್ನು ಇನ್ನೂ ಚೆನ್ನಾಗಿ ಹೇಳಿವೆ. 1998ರಲ್ಲಿ ಟಿ. ಎನ್. ಸೀತಾರಾಮ್ ಮತ್ತು ಗೆಳೆಯರ ‘ಮಾಯಾಮೃಗ’ ಬೆಂಗಳೂರು ದೂರದರ್ಶನದಲ್ಲಿ ಬರುತ್ತಿದ್ದದ್ದು ಸಂಜೆ 4-30ಕ್ಕೆ. ಲೆಕ್ಕಾಚಾರದವರ ಪ್ರಕಾರ ಅದು ಟಿವಿಯ ಮುಂದೆ ಜನ ಇರುವ ಹೊತ್ತೇ ಅಲ್ಲ. ಆದರೆ ಕಂತು ತಪ್ಪದೆ, ಹೊತ್ತು ತಪ್ಪದೆ ಬಂತು. ಮನೆಗಳು ಅದಕ್ಕೆ ಹೊಂದಿಕೊಂಡವು. ಸಂಜೆಯ ಚಾ ಅದರ ಜೊತೆಗೇ ಆಗತೊಡಗಿತು. 2002ರ ಜನವರಿಯಲ್ಲಿ ಶುರುವಾದ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ದೂರದರ್ಶನದ ಕನ್ನಡ ವಾಹಿನಿ ಚಂದನದ ಹೆಸರಿಗೇ ಅಂಟಿಕೊಂಡಿತು. ಸರಿ ಉತ್ತರಕ್ಕೆ ಪುಸ್ತಕ ಕೊಡುವ ಆ ರಸಪ್ರಶ್ನೆ ಸಾವಿರಾರು ಕಂತು ದಾಟಿದೆ. ಅಬ್ಬರವಿಲ್ಲ, ಅರಚಾಟವಿಲ್ಲ. ಹೊತ್ತಿಗೆ ಸರಿಯಾಗಿ ಬಂದು ಪ್ರಶ್ನೆ ಕೇಳಿ ಹೋಗುತ್ತದೆ. ಹೈಸ್ಕೂಲಿನ ಮಾಸ್ತರರು ಮರುದಿನ ತರಗತಿಯಲ್ಲಿ ಅದೇ ಪ್ರಶ್ನೆ ಕೇಳುತ್ತಿದ್ದರು. ಹಾಗಾಗಿ ಮಕ್ಕಳೂ ನೋಡುತ್ತಿದ್ದರು. ಸಾರ್ವಜನಿಕ ಪ್ರಸಾರಕ್ಕೆ ನಿಜವಾದ ಬಲ ಬರುವುದು ಇಂಥ ನೆಚ್ಚಿಕೆಯಿಂದ.

ನೆಚ್ಚಿಕೆ ಮುರಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಯಾವ ವಾಹಿನಿ ಎಂಬುದು ಇಲ್ಲಿ ಬೇಡ. ಭಾನುವಾರ ಮಧ್ಯಾಹ್ನ 3ಕ್ಕೆ ಯಕ್ಷಗಾನ ಇದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ದೊಡ್ಡಾಯಿ ಬೆಳಗಿನಿಂದಲೇ ತಯಾರಿ ನಡೆಸಿದಳು. ದೋಸೆಗೆ ನೆನೆಹಾಕಿದ್ದನ್ನು ಸಂಜೆಗೆ ಬಿಡದೆ ಮಧ್ಯಾಹ್ನವೇ ರುಬ್ಬಿದಳು. ಮೀನು ಬೇಗ ಹೆಚ್ಚಿದಳು, ಊಟ ಬೇಗ ಬಡಿಸಿದಳು, ಅಂಗಳದಲ್ಲಿ ಒಣಹಾಕಿದ್ದ ಕೊಬ್ಬರಿಯನ್ನು ಬಿಸಿಲಿರುವಾಗಲೇ ಒಳಗೆ ತಂದಳು. ಪಕ್ಕದ ಮನೆಯ ಇಬ್ಬರು ಹೆಂಗಸರೂ ಬಂದು ಗೋಡೆಗೆ ಒರಗಿ ಕೂತರು. 3 ಗಂಟೆಗೆ ಪರದೆಯ ಮೇಲೆ ಬಂದದ್ದು ಯಾವುದೋ ಸಭೆಯ ಭಾಷಣ, ಅದೂ ಹಿಂದೊಮ್ಮೆ ಬಂದದ್ದೇ. ಯಕ್ಷಗಾನ ಎಲ್ಲಿ ಹೋಯಿತೆಂದು ಯಾರೂ ಹೇಳಲಿಲ್ಲ. ಕೆಳಗೆ ಒಂದು ಸಾಲೂ ಓಡಲಿಲ್ಲ. ಅರ್ಧ ಗಂಟೆ ಕಾದು ನೆರೆಯವರು ಎದ್ದು ಹೋದರು. ದೊಡ್ಡಾಯಿ ಟಿವಿ ಆರಿಸಿದವಳು ಹೇಳಿದ್ದು ಇಷ್ಟು: “ಬರೂದಿಲ್ಲ ಅಂದ್ರೆ ಅಡ್ಡಿಲ್ಲ ತಮಾ. ಮೊದ್ಲೇ ಹೇಳೂಕೆ ಎಂತಾ ಆಗಿತ್ತು ಅವ್ರಿಗೆ?”

ಅವಳ ಮಾತಿನಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚಿತ್ತು. ತನ್ನ ದಿನವನ್ನೆಲ್ಲ ಒಬ್ಬರ ಮಾತಿನ ಮೇಲೆ ಹೊಂದಿಸಿಕೊಂಡಿದ್ದಳು, ಆ ಮಾತು ಆಡಿದವರಿಗೆ ಅದರ ನೆನಪೂ ಇರಲಿಲ್ಲ. ಹಣ ಕೊಡದೆ ನೋಡುವ ಟಿವಿ ತಾನೇ ಎಂದು ಹೇಳುವವರಿದ್ದಾರೆ. ಹೆಂಗಸೊಬ್ಬಳು ಮನೆಗೆಲಸದ ನಡುವೆ ಬಿಡಿಸಿಕೊಂಡ ಎರಡು ಗಂಟೆ ಪುಕ್ಕಟೆಯದಲ್ಲ. ವಾರಕ್ಕೆ ಅವಳಿಗೆ ಸಿಗುವ ಬಿಡುವೇ ಅಷ್ಟು. ಅಲ್ಲದೆ ರೇಡಿಯೊಕ್ಕೂ ಟಿವಿಗೂ ಅಂಚೆ ಕಚೇರಿಗೆ ಹೋಗಿ ವರ್ಷವರ್ಷ ಲೈಸೆನ್ಸ್ ಹಣ ಕಟ್ಟಿದ ತಲೆಮಾರು ಅದು. ಆ ಲೈಸೆನ್ಸ್ ರದ್ದಾದ ಮೇಲೂ ಸಾರ್ವಜನಿಕ ಪ್ರಸಾರ ನಡೆದುಬಂದದ್ದು ಎಲ್ಲರ ತೆರಿಗೆಯ ಹಣದ ಆಸರೆಯಿಂದ. 1990ರ ಪ್ರಸಾರ ಭಾರತಿ ಕಾಯ್ದೆಯಂತೆ 1997ರ ನವೆಂಬರ್‌ನಲ್ಲಿ ಅದು ಸ್ವಾಯತ್ತ ಸಂಸ್ಥೆ ಆದದ್ದು ಸರ್ಕಾರದಿಂದ ಒಂದಿಷ್ಟು ದೂರ ನಿಂತು ಜನರಿಗೆ ಉತ್ತರ ಹೇಳಲಿ ಎಂದೇ.

ಎಲ್ಲ ಬದಲಾವಣೆಯೂ ತಪ್ಪಲ್ಲ. ದೇಶದ ನಾಯಕರು ತೀರಿಕೊಂಡಾಗ ಸಿನಿಮಾ ನಿಲ್ಲಿಸಿ ಶೋಕದ ಸಂಗೀತ ಹಾಕಿದ್ದಕ್ಕೆ ನಮ್ಮ ಊರಲ್ಲಿ ಯಾರೂ ಬೇಸರಪಟ್ಟಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋಯಿತು. ಗಂಗಾವಳಿಯ ದಂಡೆಯಲ್ಲಿ ಜೀವಗಳು ಹೋದವು. ಆ ದಿನಗಳಲ್ಲಿ ಹಿರೇಗುತ್ತಿಯ ನಮಗೆ ಬೇಕಾಗಿದ್ದದ್ದು ಸುದ್ದಿಯೊಂದೇ. ಯಾರು ಸಿಕ್ಕರು, ಯಾರು ಸಿಗಲಿಲ್ಲ, ದಾರಿ ಯಾವಾಗ ತೆರೆಯುತ್ತದೆ, ಮಳೆ ಇನ್ನೆಷ್ಟು ಎಂದು ಎಲ್ಲರೂ ಪರದೆಗೆ ಕಣ್ಣು ನೆಟ್ಟಿದ್ದೆವು. ಅಂಥ ಹೊತ್ತಿನಲ್ಲಿ ವೇಳಾಪಟ್ಟಿ ಮುರಿಯುವುದೇ ಕರ್ತವ್ಯ. ಕ್ರಿಕೆಟ್ಟಿನ ಮಾತೂ ಅಷ್ಟೆ. 2007ರ ಕಾಯ್ದೆಯಿಂದಾಗಿ ದೇಶಕ್ಕೆ ಮುಖ್ಯವಾದ ಪಂದ್ಯಗಳು ದೂರದರ್ಶನಕ್ಕೂ ಸಿಗುತ್ತವೆ. ಖಾಸಗಿ ವಾಹಿನಿಗೆ ತಿಂಗಳ ಹಣ ಕಟ್ಟಲಾಗದ ಮನೆಯ ಹುಡುಗನೂ ಭಾರತ ಆಡುವುದನ್ನು ನೋಡುತ್ತಾನೆ. ಅದು ಒಳ್ಳೆಯ ಕಾಯ್ದೆ. ಪಂದ್ಯಕ್ಕಾಗಿ ಜಾಗ ಬಿಟ್ಟುಕೊಟ್ಟ ಕಾರ್ಯಕ್ರಮ ಮುಂದೆ ಯಾವ ದಿನ ಬರುತ್ತದೆ ಎಂಬುದನ್ನು ಅದೇ ಪರದೆಯ ಮೇಲೆ ತಿಳಿಸಿದರೆ ಸಾಕು.

ಮರುಪ್ರಸಾರಕ್ಕೂ ಒಂದು ಋತುವಿದೆ. ಕೃಷಿ ಕಾರ್ಯಕ್ರಮವನ್ನೇ ತೆಗೆದುಕೊಳ್ಳಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ವಿಧಾನ ವರ್ಷ ಕಳೆದರೂ ಬದಲಾಗುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ. ಐದು ವರ್ಷದ ಹಿಂದೆ ಮಾಡಿದ ಕಾರ್ಯಕ್ರಮವನ್ನು ಮೇ ತಿಂಗಳ ಕೊನೆಗೆ, ಮೃಗಶಿರಾ ಮಳೆ ಎದುರು ನೋಡುತ್ತಿರುವಾಗ ಹಾಕಿದರೆ ತೋಟದವನು ಅದನ್ನು ಕಣ್ಣಿಗೊತ್ತಿಕೊಂಡು ನೋಡುತ್ತಾನೆ. ಅದನ್ನೇ ಫೆಬ್ರವರಿಯಲ್ಲಿ, ಕೊಯ್ದ ಅಡಿಕೆ ಅಂಗಳದಲ್ಲಿ ಒಣಗುತ್ತಿರುವಾಗ ಹಾಕಿದರೆ ಯಾರಿಗೆ ಬೇಕು? ಅಘನಾಶಿನಿಯ ಗಜನಿ ಭೂಮಿಯಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವವರು ಇನ್ನೂ ಕೆಲವರು ಉಳಿದಿದ್ದಾರೆ. ಕಗ್ಗದ ಬಗ್ಗೆ ಮಾಡಿದ ಹಳೆಯ ಚಿತ್ರವನ್ನು ಬಿತ್ತನೆಯ ಮೊದಲು ತೋರಿಸಿದರೆ ಒಬ್ಬ ಹುಡುಗನಾದರೂ ಬೀಜ ಕೇಳಿಕೊಂಡು ಹೋದಾನು. ಟೇಪು ಅದೇ, ಖರ್ಚು ಅಷ್ಟೇ. ಹೊತ್ತು ನೋಡಿ ಹಾಕುವ ಮನಸ್ಸೊಂದು ಹೆಚ್ಚು ಬೇಕು.

ಹಾಗೆ ಮನಸ್ಸಿಟ್ಟು ಮಾಡಿದಾಗ ಎಂಥ ಫಲ ಬಂತೆಂಬುದನ್ನು 2020 ತೋರಿಸಿಕೊಟ್ಟಿದೆ. ಕೊರೊನಾ ಲಾಕ್‌ಡೌನಿನಲ್ಲಿ, ಮಾರ್ಚ್ 28ರಿಂದ, ದೂರದರ್ಶನ ‘ರಾಮಾಯಣ’ವನ್ನು ಮತ್ತೆ ಹಾಕಿತು. ಬೆಳಿಗ್ಗೆ 9ಕ್ಕೊಂದು, ರಾತ್ರಿ 9ಕ್ಕೊಂದು. ಮೂವತ್ತು ವರ್ಷ ದಾಟಿದ ಧಾರಾವಾಹಿ, ಎಲ್ಲರಿಗೂ ಗೊತ್ತಿರುವ ಕಥೆ. ಏಪ್ರಿಲ್ 16ರ ಕಂತನ್ನು 7.7 ಕೋಟಿ ಜನ ನೋಡಿದರೆಂದು ದೂರದರ್ಶನವೇ ಹೇಳಿಕೊಂಡಿತು. ಮರುಪ್ರಸಾರವೆಂದು ಮೊದಲೇ ಸಾರಿ ಹೇಳಿದ್ದರು, ಹೊತ್ತು ಹೇಳಿದ್ದರು, ಆ ಹೊತ್ತಿಗೆ ತೋರಿಸಿದರು. ಅಜ್ಜಿ ಮೊಮ್ಮಗ ಒಟ್ಟಿಗೆ ಕೂತರು. ಅದೇ ವರ್ಷ ಜುಲೈ 20ರಿಂದ ಚಂದನದಲ್ಲಿ ‘ಸಂವೇದ’ ಪಾಠಗಳು ಶುರುವಾದವು. ಹೈಸ್ಕೂಲಿನ ಯಾವ ತರಗತಿಗೆ ಯಾವ ವಿಷಯ, ಎಷ್ಟು ಹೊತ್ತಿಗೆ ಎಂಬ ಪಟ್ಟಿ ಮೊದಲೇ ಬಂತು. ಮೊಬೈಲಿಗೆ ನೆಟ್‌ವರ್ಕ್ ಹುಡುಕಿಕೊಂಡು ಮಕ್ಕಳು ಗುಡ್ಡ ಹತ್ತುತ್ತಿದ್ದ ನಮ್ಮ ಜಿಲ್ಲೆಯಲ್ಲಿ, ಜಗುಲಿಯ ಟಿವಿಯ ಮುಂದೆ ಪಟ್ಟಿ ಹರಡಿಕೊಂಡು ಪಾಠ ಬರೆದುಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡ ಮನೆಗಳಿದ್ದವು. ಹೊತ್ತನ್ನು ನಂಬಬಹುದು ಎಂದಾಗ ಜನ ಹೀಗೆ ನಂಬುತ್ತಾರೆ.

ಈಗ ಯಾರು ವೇಳಾಪಟ್ಟಿ ನೋಡುತ್ತಾರೆ, ಎಲ್ಲರೂ ಮೊಬೈಲಿನಲ್ಲಿ ಬೇಕಾದಾಗ ಬೇಕಾದ್ದನ್ನು ನೋಡುತ್ತಾರೆ ಎಂಬ ಮಾತು ಕೇಳಿಬರುತ್ತದೆ. ಅದು ಎಲ್ಲರ ಮಾತಲ್ಲ. ನಮ್ಮ ಊರಿನ ಮಾಡಿನ ಮೇಲೆ, ಮೀನುಗಾರರ ಕೇರಿಗಳಲ್ಲಿ, ಹಾಲಕ್ಕಿ ಕೊಪ್ಪಗಳಲ್ಲಿ ಕಾಣುವ ಪುಟ್ಟ ಡಿಶ್ಶುಗಳಲ್ಲಿ ಎಷ್ಟೋ, ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್‌ನವು. 2004ರ ಡಿಸೆಂಬರ್‌ನಲ್ಲಿ ಶುರುವಾದ ಈ ಸೇವೆಗೆ ಡಬ್ಬಿ, ಡಿಶ್ ತರುವಾಗ ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಅದರ ಮುಂದೆ ಕೂರುವವರು ಹೆಚ್ಚಾಗಿ ವಯಸ್ಸಾದವರು, ಕೂಲಿಯಿಂದ ಬಂದವರು, ಒಂಟಿ ಇರುವವರು. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ‘ವೇವ್ಸ್’ ಎಂಬ ತನ್ನದೇ ಓಟಿಟಿ ತೆರೆದದ್ದು, ಹಳೆಯ ಕಾರ್ಯಕ್ರಮಗಳನ್ನು ಯೂಟ್ಯೂಬಿಗೆ ಹಾಕುತ್ತಿರುವುದು ಸಂತೋಷದ ಸಂಗತಿಯೇ. ಆದರೆ ನಮ್ಮ ದೊಡ್ಡಾಯಿ ಹುಡುಕಿ ನೋಡುವವಳಲ್ಲ. ಅವಳಿಗೆ ಬಂದದ್ದೇ ಟಿವಿ. ಆಯ್ಕೆ ಇದ್ದವರೆಲ್ಲ ಎದ್ದು ಹೋದ ಮೇಲೂ ಕೂತಿರುವ ನೋಡುಗನಿಗೆ ಕೊಡಬೇಕಾದ ಮರ್ಯಾದೆ ಹೆಚ್ಚಾಗಬೇಕು.

ಹಳೆಯದನ್ನು ತೋರಿಸಲೇಬೇಡಿ ಎಂದು ಹಟ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಕಥೆಯಿದೆ. ಅಲ್ಲಿ ಟಿವಿ ನೋಡುವವರು ಬಿಬಿಸಿಗಾಗಿ ವರ್ಷವರ್ಷ ಲೈಸೆನ್ಸ್ ಹಣ ಕಟ್ಟುತ್ತಾರೆ. 1960ರ ದಶಕದಲ್ಲಿ ಕಲಾವಿದರ ಸಂಘದ ಒಪ್ಪಂದಗಳಿಂದಾಗಿ ಒಂದು ಕಾರ್ಯಕ್ರಮವನ್ನು ಹೆಚ್ಚು ಸಲ ಮತ್ತೆ ತೋರಿಸುವಂತಿರಲಿಲ್ಲ. ವಿಡಿಯೊ ಟೇಪು ತುಂಬ ದುಬಾರಿ. ಇನ್ನು ತೋರಿಸುವಂತಿಲ್ಲವಲ್ಲ ಎಂದು ಟೇಪುಗಳನ್ನು ಅಳಿಸಿ ಮತ್ತೆ ಬಳಸಿದರು. ‘ಡಾಕ್ಟರ್ ಹೂ’ ಧಾರಾವಾಹಿಯ 1960ರ ದಶಕದ ಸುಮಾರು ನೂರು ಕಂತುಗಳು ಹೀಗೆ ಕಳೆದುಹೋದವು. ಈಗಲೂ ಅವುಗಳ ಪ್ರತಿಗಾಗಿ ಲೋಕವಿಡೀ ಹುಡುಕುತ್ತಿದ್ದಾರೆ. ಮತ್ತೆ ತೋರಿಸುವ ಪದ್ಧತಿ ಇದ್ದರೇ ಕಾಪಾಡುವ ಪದ್ಧತಿಯೂ ಇರುತ್ತದೆ.

ನಮ್ಮ ಜಿಲ್ಲೆಯಿಂದ ಎಷ್ಟು ಜನ ಹೋಗಿಬಿಟ್ಟರು! ಯಕ್ಷಗಾನದ ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ, ಚಿಟ್ಟಾಣಿಯವರು 2017ರಲ್ಲಿ. ಗಿಡ ನೆಟ್ಟು ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರ್‌ನಲ್ಲಿ, ಹಾಲಕ್ಕಿ ಹಾಡುಗಳ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ. ಅವರ ಕುಣಿತ, ಅವರ ದನಿ, ಗಿಡದ ಬುಡದಲ್ಲಿ ಮಣ್ಣು ಬಿಡಿಸುತ್ತಿದ್ದ ಆ ಕೈ ಎಲ್ಲೆಲ್ಲಿ ದಾಖಲಾಗಿವೆಯೋ ಅಲ್ಲಿಂದ ತೆಗೆದು ನಮಗೆ ತೋರಿಸಲಿ. ಹತ್ತು ಸಲ ತೋರಿಸಲಿ. ಯಕ್ಷಗಾನವನ್ನು ವಾರದ ದಿನ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಜಾಗ ತುಂಬಿಸಲು ಹಾಕದೆ, ಶನಿವಾರ ರಾತ್ರಿ ಉಂಡು ಕೂತವರ ಮುಂದೆ ಹಾಕಲಿ. ಸುಕ್ರಜ್ಜಿಯ ಹಾಡನ್ನು ಅವಳ ಕೇರಿಯ ಮಕ್ಕಳು ಶಾಲೆಯಿಂದ ಮನೆಗೆ ಬಂದಿರುವಾಗ ಕೇಳಿಸಲಿ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಪರದೆಯ ಮೂಲೆಯಲ್ಲಿ ‘ಮರುಪ್ರಸಾರ’ ಎಂದು ಬರೆದು, ಮೊದಲು ಯಾವ ವರ್ಷ ಬಂದದ್ದು ಎಂದು ಸೇರಿಸಿ. ವಾರದ ಪಟ್ಟಿಯನ್ನು ಭಾನುವಾರವೇ ಓದಿ ಹೇಳಿ. ಪತ್ರಿಕೆ ಕೊಳ್ಳದವರಿಗೂ ತಿಳಿಯಲಿ. ಬದಲಾದರೆ, ಬದಲಾಯಿತು ಎಂದು ಆ ಹೊತ್ತಿಗೇ ಹೇಳಿ, ಮುಂದಿನ ದಿನವನ್ನೂ ಹೇಳಿ. ಕೃಷಿಯ ಹಳೆಯ ಕಾರ್ಯಕ್ರಮವನ್ನು ಮಳೆ ನಕ್ಷತ್ರ ನೋಡಿ ಹಾಕಿ. ಒಳ್ಳೆಯದನ್ನು ಒಳ್ಳೆಯ ಹೊತ್ತಿಗೆ ಇಡಿ.

ನೋಡುಗರಾದ ನಾವೂ ಸುಮ್ಮನೆ ಟಿವಿ ಆರಿಸಿ ಎದ್ದುಹೋಗುವುದನ್ನು ಬಿಡಬೇಕು. ಹದಿನೈದು ಪೈಸೆಯ ಕಾರ್ಡಿನ ಕಾಲದಲ್ಲಿ ನಮ್ಮ ಹಿರಿಯರು ಆಕಾಶವಾಣಿಗೆ ಬರೆಯುತ್ತಿದ್ದರು; ಯಾವ ಹಾಡು ಬೇಕು, ಯಾವ ಹೊತ್ತು ಸರಿಯಾಗುತ್ತದೆ ಎಂದು ತಿಳಿಸುತ್ತಿದ್ದರು. ಆ ಹಕ್ಕು ಈಗಲೂ ನಮ್ಮದೇ. ಈ ವಾಹಿನಿ ನಮ್ಮದು ಎಂಬ ಭಾವನೆ ಇದ್ದವರು ಮಾತ್ರ ಅದರ ಮೇಲೆ ಬೇಸರಪಟ್ಟುಕೊಳ್ಳುತ್ತಾರೆ, ದೂರು ಹೇಳುತ್ತಾರೆ, ಸರಿಹೋಗಲಿ ಎಂದು ಕಾಯುತ್ತಾರೆ. ನಾನು ದೊಡ್ಡಾಯಿಯ ಪರವಾಗಿ ಕಾಗದ ಬರೆದು ಅಂಚೆಗೆ ಹಾಕಿದ್ದೇನೆ. ಯಕ್ಷಗಾನ ಬೇಕೆಂದು ಅವಳು ಬರೆಸಲಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ ಎಂದು ಖಚಿತವಾಗಿ ಹೇಳಿ ಎಂದಷ್ಟೇ ಬರೆಸಿದಳು.